ಸೂರ್ಯ ಅದೇ, ಕಡಲು ಯಾಕೆ ಬೇರೆ?

ಭಾಗ 1/4

ಏಪ್ರಿಲ್ 24ರ ಆಸುಪಾಸಲ್ಲಿ ಮಂಗಳೂರಿನ ಬೀಚಲ್ಲಿ ನಡು ಮಧ್ಯಾಹ್ನ ನಿಂತ್ಕೊಳ್ಳಿ. ನಿಮ್ಮ ನೆರಳು ಕಾಲಡಿಯಲ್ಲೇ ಮಾಯ. ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಆಗಸ್ಟ್ 18ರ ಆಸುಪಾಸಲ್ಲಿ ಇದೇ ಜಾಗಕ್ಕೆ ಮತ್ತೆ ಬನ್ನಿ. ಸೂರ್ಯ ಮತ್ತೆ ನೆತ್ತಿ ಮೇಲೇ ಇರ್ತಾನೆ, ಮೋಡದ ಹಿಂದೆ ಕಾಣದೇ ಇರಬಹುದು ಅಷ್ಟೆ.

ಎರಡೂ ದಿನ ಕೋನ ಒಂದೇ. ಹಗಲಿನ ಉದ್ದವೂ ಹೆಚ್ಚುಕಮ್ಮಿ ಒಂದೇ. ಆದ್ರೆ ಏಪ್ರಿಲ್ ಕೊನೆ, ಮೇ ಹೊತ್ತಿಗೆ ನಮ್ಮ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿ ಆಸುಪಾಸು ಇರತ್ತೆ, ಆಗಸ್ಟಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗೆ. ಸೂರ್ಯನೊಬ್ಬನೇ ಕಡಲನ್ನ ಕಾಯಿಸೋದಾಗಿದ್ರೆ ಹೀಗಾಗಬಾರದಿತ್ತು, ಅಲ್ವಾ?

ಇದನ್ನ ಬರೀತಿರೋದಕ್ಕೆ ಕಾರಣ ಎಲ್ಲರ ಫ್ಯಾಮಿಲಿ ಗ್ರೂಪಲ್ಲೂ ಸುತ್ತೋ ಒಂದು ಮಾತು: "ನೀರಾವಿನೇ ಅತಿ ದೊಡ್ಡ ಹಸಿರುಮನೆ ಅನಿಲ. ಬಿಸಿ ಮಾಡೋದು ಸೂರ್ಯ. ಕಾರ್ಬನ್ ಡೈಆಕ್ಸೈಡ್ ಕಥೆಯೆಲ್ಲ ಬರೀ ಗುಲ್ಲು." ಇದರಲ್ಲಿ ಮೊದಲೆರಡು ವಾಕ್ಯ ನಿಜ. ಅದಕ್ಕೇ ಮೂರನೇದನ್ನೂ ಜನ ನಂಬಿಬಿಡ್ತಾರೆ. ನನ್ನ ಪ್ರಕಾರ ಪೂರ್ತಿ ಸುಳ್ಳಿಗಿಂತ ಇಂಥ ಮುಕ್ಕಾಲು ನಿಜಾನೇ ಅಪಾಯ. ಯಾಕೆ ಅಂತ ಹಂತ ಹಂತವಾಗಿ ನೋಡೋಣ.

ಭಾಗ 2/4: ಕೋನ

ವಾತಾವರಣದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬಿಸಿಲು ಬೀಳತ್ತೆ. ಅದೆಲ್ಲ ಕಡಲಿಗೆ ಸಿಗಲ್ಲ.

ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ಮೂರು ನಷ್ಟ. ಒಂದು, ನೆತ್ತಿಯಲ್ಲಿದ್ದಾಗ ಒಂದು ಚದರ ಮೀಟರಿಗೆ ಬೀಳ್ತಿದ್ದ ಬಿಸಿಲು ಈಗ ಎರಡು ಚದರ ಮೀಟರಿಗೆ ಹರಡಿಕೊಳ್ಳತ್ತೆ. ಎರಡು, ಅದು ಓರೆಯಾಗಿ ಬರೋದ್ರಿಂದ ಎರಡರಷ್ಟು ಗಾಳಿ ದಾಟಿ ಬರಬೇಕು, ದಾರಿಯಲ್ಲಿ ಕಳಕೊಳ್ಳೋದೂ ಜಾಸ್ತಿ. ಮೂರು, ನೀರು ಹೆಚ್ಚು ಬೆಳಕನ್ನ ವಾಪಸ್ ಕಳಿಸತ್ತೆ. ಶಾಂತವಾಗಿರೋ ನೀರು ನೆತ್ತಿಯ ಬಿಸಿಲಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಹಿಂದಕ್ಕೆ ಎಸೆಯತ್ತೆ. ಸೂರ್ಯ 10 ಡಿಗ್ರಿಗೆ ಇಳಿದಾಗ ಮೂರನೇ ಒಂದು ಪಾಲೇ ವಾಪಸ್.

ಸಂಜೆ ಹೊತ್ತು ಪಣಂಬೂರಲ್ಲೋ ಮಲ್ಪೆಯಲ್ಲೋ ನಿಂತು ನೀವು ಫೋಟೋ ತೆಗೆಯೋ ಆ ಚಿನ್ನದ ದಾರಿ ಇದೆಯಲ್ಲ, ಅದು ಕಡಲು ಬೇಡ ಅಂದ ಬಿಸಿಲು.

ಋತುಗಳನ್ನ ನಡೆಸೋದು ಈ ಕೋನಾನೇ. ಆದ್ರೆ ಕೋನದ ಲೆಕ್ಕ ಪ್ರತಿ ವರ್ಷ ಒಂದೇ. ಹೋದ ಏಪ್ರಿಲ್ಲಿಗೂ ಮುಂದಿನ ಏಪ್ರಿಲ್ಲಿಗೂ ಅದರಲ್ಲಿ ವ್ಯತ್ಯಾಸ ಇಲ್ಲ. ಇದನ್ನ ನೆನಪಿಟ್ಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗತ್ತೆ.

ಭಾಗ 3/4: ನೀರಾವಿ

ನೀರಾವಿಗೆ ಎರಡು ಕೈ. ಒಂದು ಕೈಯಲ್ಲಿ ಕಿತ್ಕೊಳ್ಳತ್ತೆ, ಇನ್ನೊಂದು ಕೈಯಲ್ಲಿ ಕೊಡತ್ತೆ.

ಕಿತ್ಕೊಳ್ಳೋದು ಹೀಗೆ: ಬಿಸಿಲಿನ ಶಕ್ತಿಯಲ್ಲಿ ಹತ್ರಹತ್ರ ಅರ್ಧ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಅದರಲ್ಲಿ ಕೆಲವು ಭಾಗಗಳನ್ನ ನೀರಾವಿ ದಾರಿಯಲ್ಲೇ ನುಂಗತ್ತೆ. ಕಾಣೋ ಬೆಳಕನ್ನ ಅದು ಬಹುಪಾಲು ಮುಟ್ಟಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಅವಕೆಂಪು ಕಿರಣ ನೀರಿಗೆ ಬಿದ್ದಿದ್ರೂ ಮೇಲಿನ ಒಂದು ಮೀಟರಿನೊಳಗೇ ಮುಗಿದುಹೋಗ್ತಿತ್ತು. ತಿಳಿನೀರಲ್ಲಿ ಹತ್ತಾರು ಮೀಟರ್ ಕೆಳಗಿಳಿದು ಕಾಯಿಸೋದು ನೀಲಿ, ಹಸಿರು ಬೆಳಕು. ಅದು ನೀರಾವಿಯನ್ನ ದಾಟಿಕೊಂಡು ಬಂದೇ ಬರತ್ತೆ.

ಕೊಡೋದು ಹೀಗೆ: 30 ಡಿಗ್ರಿಯ ಕಡಲು ತಾನೂ ಹಗಲೂ ರಾತ್ರಿ ಶಾಖ ಹೊರಸೂಸ್ತಿರತ್ತೆ, ಚದರ ಮೀಟರಿಗೆ ಸುಮಾರು 470 ವ್ಯಾಟ್. ತೇವ ತುಂಬಿದ ಆಕಾಶ ಅದರಲ್ಲಿ 400ಕ್ಕೂ ಹೆಚ್ಚನ್ನ ಕೆಳಕ್ಕೆ ವಾಪಸ್ ಕಳಿಸತ್ತೆ. ಮೇ ತಿಂಗಳ ರಾತ್ರಿ ಕರಾವಳಿಯಲ್ಲಿ ಸೆಖೆ ಯಾಕೆ ಇಳಿಯಲ್ಲ, ಡಿಸೆಂಬರಿನ ಒಣ ರಾತ್ರಿ ಬಯಲುಸೀಮೆ ಯಾಕೆ ಬೇಗ ತಣ್ಣಗಾಗತ್ತೆ ಅಂದ್ರೆ ಇದೂ ಒಂದು ಮುಖ್ಯ ಕಾರಣ. ಜೊತೆಗೆ, ಗಾಳಿ ತೇವವಾಗಿದ್ರೆ ಕಡಲಿನಿಂದ ನೀರು ಆವಿಯಾಗೋದೂ ನಿಧಾನ. ಬೆವರು ಒಣಗದಿದ್ರೆ ನಮಗೆ ಹೇಗೋ, ಕಡಲಿಗೂ ಹಾಗೆ.

ಹಾಗಾದ್ರೆ ಆಗಸ್ಟಲ್ಲಿ ಆವಿ ಇನ್ನೂ ಜಾಸ್ತಿ ಇರತ್ತಲ್ಲ, ಕಡಲು ಯಾಕೆ ತಣ್ಣಗೆ? ಯಾಕಂದ್ರೆ ಅದೇ ಆವಿ ಆಗ ಮೋಡವಾಗಿರತ್ತೆ, ಮೋಡ ಕಾಣೋ ಬೆಳಕನ್ನೂ ತಡೆಯತ್ತೆ. ಮುಂಗಾರು ಗಾಳಿ ಜೋರಾಗಿ ಬೀಸಿ ನೀರನ್ನ ಆವಿಯಾಗಿಸತ್ತೆ, ಮೇಲಿನದ್ದನ್ನ ಕೆಳಗಿನದರ ಜೊತೆ ಕದಡತ್ತೆ, ಆಳದ ತಣ್ಣೀರನ್ನ ಮೇಲಕ್ಕೆ ತರತ್ತೆ. ಆ ತಣ್ಣೀರಿನ ಜೊತೆ ಬರೋ ಪೋಷಕಾಂಶಗಳಿಂದಾನೇ ನಮ್ಮ ಬೂತಾಯಿ, ಬಂಗುಡೆಗಳಿಗೆ ಊಟ.

ಭಾಗ 4/4: ಈಗ ಆ ಫಾರ್ವರ್ಡ್

ನೀರಾವಿ ದೊಡ್ಡ ಹಸಿರುಮನೆ ಅನಿಲ, ಒಪ್ಪಿದೆ. ಆದ್ರೆ ಅದು ಯಜಮಾನ ಅಲ್ಲ, ಹೇಳಿದ ಹಾಗೆ ಕೇಳೋ ಆಳು. ಗಾಳಿಗೆ ಏರಿದ ಆವಿ ಸರಾಸರಿ ಒಂಬತ್ತು ಹತ್ತು ದಿನದಲ್ಲಿ ಮಳೆಯಾಗಿ ಇಳಿದುಬಿಡತ್ತೆ. ಗಾಳಿ ಎಷ್ಟು ಆವಿ ಹಿಡಿದಿಟ್ಕೊಳ್ಳಬಹುದು ಅಂತ ತೀರ್ಮಾನಿಸೋದು ಉಷ್ಣತೆ: ಒಂದು ಡಿಗ್ರಿ ಏರಿದ್ರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು. ಅಂದ್ರೆ ಮೊದಲು ಬೇರೆ ಯಾರೋ ಬಿಸಿ ಮಾಡಬೇಕು. ಆಮೇಲೆ ಆವಿ ಅದನ್ನ ಹೆಚ್ಚಿಸತ್ತೆ.

ಆ ಬೇರೆ ಯಾರು? ಕೋನ ಬದಲಾಗಿಲ್ಲ, ಆಗ್ಲೇ ನೋಡಿದ್ವಿ. ಸೂರ್ಯ? 1978ರಿಂದ ಉಪಗ್ರಹಗಳು ಅವನ ಶಕ್ತಿಯನ್ನ ಅಳೀತಾನೇ ಇವೆ. 11 ವರ್ಷದ ಏರಿಳಿತ ಬಿಟ್ರೆ ಏರಿಕೆಯ ಸುಳಿವಿಲ್ಲ. ಏರಿರೋದು ಕಾರ್ಬನ್ ಡೈಆಕ್ಸೈಡ್: ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಲ್ಲಿ 280, ಈಗ 420 ದಾಟಿದೆ. ಅದು ಹತ್ತು ದಿನದಲ್ಲಿ ಮಳೆಯಾಗಿ ಇಳಿಯಲ್ಲ, ಶತಮಾನಗಳ ಕಾಲ ಇರತ್ತೆ. ಹಾಗಾಗಿ ಹೆಚ್ಚುವರಿಯಾಗಿ ಉಳಿದ ಶಾಖದಲ್ಲಿ ನೂರಕ್ಕೆ 90ರಷ್ಟು ಹೋಗಿ ಸೇರ್ತಿರೋದು ಕಡಲಿಗೆ.

ಇದು ನಮಗೆ ದೂರದ ವಿಷಯ ಅಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯ್ತು. ಒಂದು ಚಂಡಮಾರುತಕ್ಕೆ ಒಂದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ಬೆಚ್ಚಗಿನ ನೀರೇ ಅದರ ಇಂಧನ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಎಲ್ಲಿ ಸಿಗಬಹುದು ಅಂತ ಮೀನುಗಾರರಿಗೆ ಸೂಚನೆ ಕೊಡೋದೂ ಕಡಲ ಮೇಲ್ಮೈ ಉಷ್ಣತೆ ನೋಡ್ಕೊಂಡೇ. ಬೋಟ್ ತಗೊಂಡು ಹೋಗೋರಿಗೆ ಒಂದು ಡಿಗ್ರಿ ಅನ್ನೋದು ಡೀಸೆಲ್ಲಿನ ಲೆಕ್ಕ, ಕೆಲವೊಮ್ಮೆ ಜೀವದ ಲೆಕ್ಕ.

ಪರೀಕ್ಷೆಯಲ್ಲಿ "ಸಾಗರಗಳನ್ನು ಬಿಸಿ ಮಾಡುವುದು ಯಾವುದು?" ಅಂದ್ರೆ "ಸೂರ್ಯ" ಅಂತ ಬರೆದು ಒಂದು ಮಾರ್ಕ್ ತಗೊಳ್ಳಿ, ತೊಂದರೆ ಇಲ್ಲ. ಆದ್ರೆ ಮುಂದಿನ ಸಲ ಮಾವನೋ ಚಿಕ್ಕಪ್ಪನೋ ಆ ಫಾರ್ವರ್ಡ್ ಹಾಕಿದಾಗ ಜಗಳ ಆಡಬೇಡಿ. ಒಂದೇ ಪ್ರಶ್ನೆ ಕೇಳಿ: "ಸರಿ ಮಾವ, ಆವಿ ಜಾಸ್ತಿಯಾಗಿದೆ. ಅದನ್ನ ಜಾಸ್ತಿ ಮಾಡಿದ್ದು ಯಾರು?"

ಉತ್ತರ ಏನು ಬಂತು ಅಂತ ಕಾಮೆಂಟಲ್ಲಿ ಹೇಳಿ. ನೆರಳು ಮಾಯವಾಗೋ ದಿನ ನಿಮ್ಮೂರಲ್ಲಿ ಯಾವತ್ತು ಅಂತಾನೂ ಹುಡುಕಿ ಹಾಕಿ.