ಗೃಹಪ್ರವೇಶ ಕಾಣದ ಜಾಲತಾಣಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಈಗ ಇದ್ದಿದ್ದರೆ ಜಾಲತಾಣ ಮಾಡಿಸಿ ನೋಡು ಎಂದು ಮೂರನೆಯದೊಂದನ್ನು ಸೇರಿಸುತ್ತಿದ್ದರೇನೋ! ಮನೆಗಾದರೆ ಗೃಹಪ್ರವೇಶದ ಮುಹೂರ್ತವೊಂದಿರುತ್ತದೆ. ಅದಕ್ಕೆ ಅಂಜಿ ಗಾರೆಯವನೂ ಬಡಗಿಯೂ ಯಜಮಾನನೂ ಓಡಾಡುತ್ತಾರೆ. ಜಾಲತಾಣಕ್ಕೆ ಅಂಥ ಮುಹೂರ್ತವಿಲ್ಲ. ಆದ್ದರಿಂದಲೇ ಗೋಡೆ ಎದ್ದು, ಸುಣ್ಣ ಬಳಿದು, ಬಾಗಿಲು ಮಾತ್ರ ತೆರೆಯದೆ ನಿಂತ ತಾಣಗಳು ಎಷ್ಟೋ.

ಈ ವಿಷಯವನ್ನು ಇಲ್ಲಿ ಎತ್ತಲು ಕಾರಣವಿದೆ. ಪರಸ್ಥಳದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಈ ಕಸುಬು ಹಿಡಿದ ತರುಣ ತರುಣಿಯರಿದ್ದಾರೆ. ಊರಿನಲ್ಲಾದರೆ ತುಂಡು ಹೊಲವೋ ಹಿರಿಯರ ಮನೆಯೋ ಆಸರೆಯಾಗುತ್ತದೆ. ಇಲ್ಲಿ ಒಂದನೆಯ ತಾರೀಖು ಬಂದರೆ ಬಾಡಿಗೆ ಎಣಿಸಲೇಬೇಕು. ಕೊನೆಯ ಕಂತಿನ ಹಣ ಬರುವುದು ತಾಣ ತೆರೆದ ಮೇಲೆ. ತಾಣ ತೆರೆಯುವುದು ಗಿರಾಕಿ ಮನಸ್ಸು ಮಾಡಿದ ಮೇಲೆ. ಇವೆರಡರ ನಡುವೆ ಮನೆಯ ಒಲೆ ಉರಿಯಬೇಕು.

ಕಡತ ಹೊರಳಿಸುವ ಕಾರಕೂನರಿಗೆ ಜಾಲತಾಣದ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕೆಲಸ ಏಕೆ ನಿಲ್ಲುತ್ತದೆ ಎಂಬ ಶಾಸ್ತ್ರದಲ್ಲಿ ನಮಗಿಂತ ಪಳಗಿದವರು ಯಾರು, ಸ್ವಾಮಿ? ಕಡತವು ಕಠಿಣವಾದ ಪ್ರಶ್ನೆಗಾಗಿ ನಿಲ್ಲುವುದು ಕಡಿಮೆ. ಉತ್ತರ ಕೊಡಬೇಕಾದವರು ಯಾರೆಂದು ತಿಳಿಯದಾಗ ನಿಲ್ಲುವುದೇ ಹೆಚ್ಚು.

ಮಾಟುಂಗದಲ್ಲಿ ಹೋಟೆಲು ಇಟ್ಟ ಯಜಮಾನರೊಬ್ಬರು ಜಾಲತಾಣ ಮಾಡಿಸುತ್ತಾರೆಂದು ಇಟ್ಟುಕೊಳ್ಳೋಣ. ಬೇಕಾದದ್ದು ತಿಂಡಿಗಳ ಪಟ್ಟಿ, ದರ, ಹತ್ತು ಫೋಟೋ, ಹೋಟೆಲಿನ ಕಥೆ ನಾಲ್ಕು ಸಾಲು. 'ವಿಷಯವನ್ನೆಲ್ಲ ಕಳುಹಿಸಿ' ಎಂದು ಬರೆದರೆ ಯಜಮಾನರು 'ನಾಳೆ' ಎನ್ನುತ್ತಾರೆ. ಅವರದು ಸುಳ್ಳಲ್ಲ. ಬೆಳಗಿನ ಐದಕ್ಕೆ ಇಡ್ಲಿಯ ಹಬೆ ನೋಡುವವರು ರಾತ್ರಿ ಹನ್ನೊಂದಕ್ಕೆ ಪ್ರಬಂಧ ಬರೆಯಬೇಕೆ? ಆದ್ದರಿಂದ ಒಂದು ದಿನಕ್ಕೆ ಒಂದೇ ಪ್ರಶ್ನೆ ಕೇಳಬೇಕು. 'ಭಾನುವಾರ ಎಷ್ಟು ಗಂಟೆಗೆ ತೆರೆಯುತ್ತೀರಿ?' ಎಂದರೆ ಉತ್ತರ ಆ ಗಳಿಗೆಯಲ್ಲೇ ಬರುತ್ತದೆ. ಹೋಟೆಲಿನ ಕಥೆಯನ್ನಂತೂ ಅವರ ಬಾಯಿಂದ ಕೇಳಿ ನಾವೇ ಬರೆದು ಮುಂದಿಡುವುದು ಲೇಸು. ಬರೆಯಿರಿ ಎಂದರೆ ಓಡುವವರು ತಿದ್ದಿಕೊಡಿ ಎಂದರೆ ಕನ್ನಡಕ ಏರಿಸಿ ಕೂಡುತ್ತಾರೆ. ಇಷ್ಟೆಲ್ಲ ಕೈಗೆ ಬರುವ ಮೊದಲು ಬಣ್ಣದ ವಿನ್ಯಾಸಕ್ಕೆ ಕೈಹಾಕಬಾರದು.

ಕನ್ನಡದ ತಾಣಕ್ಕೆ ಇನ್ನೊಂದು ತೊಡಕುಂಟು. ಸಂಘಗಳ ಹಳೆಯ ಬರಹವೆಲ್ಲ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿರುತ್ತದೆ. ಅದನ್ನು ಹಾಗೆಯೇ ಎತ್ತಿ ತಾಣಕ್ಕೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಇದಕ್ಕೆ ಬೇಕಾದ ದಿನಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಇನ್ನು ಒಪ್ಪಿಗೆಯ ಮಾತು. ಮಗನಿಗೆ ಹಸಿರು ಬೇಕು, ಅಳಿಯನಿಗೆ ಕೆಂಪು, ಗಲ್ಲೆಯ ಮೇಲೆ ಕುಳಿತ ತಮ್ಮನಿಗೆ ಅಕ್ಷರ ದೊಡ್ಡದಾಗಬೇಕು. ಇಂಗ್ಲಿಷ್ ಲೇಖಕ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಒಂದು ಸಮಿತಿಯನ್ನು ಕಲ್ಪಿಸಿದ್ದಾನೆ. ಅದು ಒಂದು ಕೋಟಿ ಪೌಂಡಿನ ಅಣುಸ್ಥಾವರವನ್ನು ಎರಡೂವರೆ ನಿಮಿಷದಲ್ಲಿ ಒಪ್ಪಿ, ಸೈಕಲ್ಲು ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ತಾಸು ಜಗ್ಗಾಡುತ್ತದೆ. ಸ್ಥಾವರ ಯಾರಿಗೂ ತಿಳಿಯದು. ಚಪ್ಪರ ಎಲ್ಲರಿಗೂ ತಿಳಿಯುತ್ತದೆ! ಜಾಲತಾಣದ ಬಣ್ಣವೂ ಇಂಥ ಚಪ್ಪರವೇ. ಸಲಹೆ ಹತ್ತು ಜನ ಕೊಡಲಿ, ರುಜು ಒಬ್ಬರದೇ ಇರಲಿ. ಆ ಒಬ್ಬರು ಯಾರೆಂಬುದನ್ನು ಮೊದಲ ದಿನವೇ ಬರೆದುಕೊಳ್ಳಬೇಕು.

ಮುಹೂರ್ತವನ್ನೂ ನಾವೇ ಇಡೋಣ. ಚವತಿಗೋ ರಾಜ್ಯೋತ್ಸವಕ್ಕೋ ತಾಣ ತೆರೆಯುವುದೆಂದು ಗೊತ್ತುಮಾಡಿ, ಅಂದಿಗೆ ಸಿದ್ಧವಾದ ನಾಲ್ಕು ಪುಟಗಳಿಂದಲೇ ಬಾಗಿಲು ತೆರೆಯಬಹುದು. ಉಳಿದದ್ದನ್ನು ಆಮೇಲೆ ಸೇರಿಸಿದರಾಯಿತು. ಅಟ್ಟ ಮುಗಿಯಲಿಲ್ಲವೆಂದು ಯಾರಾದರೂ ಗೃಹಪ್ರವೇಶ ಮುಂದೂಡುತ್ತಾರೆಯೇ? ತಾಣದ ಹೆಸರಿನ ನೋಂದಣಿ ಗಿರಾಕಿಯ ಹೆಸರಿನಲ್ಲೇ ಇರಬೇಕು. ಅದರ ಗುಪ್ತಸಂಖ್ಯೆ ಅವರ ಫೋನಿಗೆ ಬರುವುದರಿಂದ ಆ ಕೆಲಸವನ್ನು ಎದುರಿಗೆ ಕೂತು ಮೊದಲೇ ಮುಗಿಸಿಬಿಡುವುದು ಒಳ್ಳೆಯದು.

ಹಣದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಕಂತುಗಳು ತಾಣ ತೆರೆಯುವ ದಿನಕ್ಕಲ್ಲ, ಮಾಡಿಕೊಟ್ಟ ಕೆಲಸಕ್ಕೆ ಕಟ್ಟಿರಲಿ, ಕೊನೆಯದು ಸಣ್ಣದಿರಲಿ. 1872ರ ಕರಾರು ಕಾಯಿದೆಯ 67ನೆಯ ಕಲಮು ಈ ಕಸುಬಿಗಾಗಿಯೇ ಬರೆದಂತಿದೆ. ಮನೆ ದುರಸ್ತಿಗೆ ಒಪ್ಪಿಸಿದ ಯಜಮಾನ ಎಲ್ಲಿ ದುರಸ್ತಿ ಬೇಕೆಂದು ತೋರಿಸದಿದ್ದರೆ, ಆ ಕಾರಣದಿಂದ ಕೆಲಸವಾಗದ್ದಕ್ಕೆ ಕೆಲಸಗಾರ ಹೊಣೆಯಲ್ಲ ಎನ್ನುತ್ತದೆ ಅದರ ಉದಾಹರಣೆ. 2006ರ ಸಣ್ಣ ಉದ್ಯಮಗಳ ಕಾಯಿದೆ ಇನ್ನೂ ಮುಂದೆ ಹೋಗುತ್ತದೆ. ಸೇವೆ ಒಪ್ಪಿಸಿದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಣೆ ಬಾರದಿದ್ದರೆ, ಒಪ್ಪಿಸಿದ ದಿನವೇ ಸ್ವೀಕರಿಸಿದಂತೆ. ಮೌನಂ ಸಮ್ಮತಿಲಕ್ಷಣಂ! ಕರಾರಿನಲ್ಲಿ ಏನೇ ಬರೆದುಕೊಂಡಿರಲಿ, ಸ್ವೀಕರಿಸಿದ ದಿನದಿಂದ 45 ದಿನ ಮೀರಿ ಹಣ ತಡೆಯುವಂತಿಲ್ಲ. ಈ ರಕ್ಷೆ ಬೇಕಾದವರು ಕೆಲಸ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಬೇಕು, ಅದಕ್ಕೆ ಶುಲ್ಕವಿಲ್ಲ. ಆದರೆ ಕಾಯಿದೆಯೆಂಬುದು ಬಾಗಿಲ ಹಿಂದಿನ ದೊಣ್ಣೆ. ಇದ್ದರೆ ಸಾಕು, ನೆಂಟರಿಗೆ ತೋರಿಸಬೇಕಾಗಿಲ್ಲ.

ಕೊನೆಗೆ ಗಿರಾಕಿಗಳಿಗೂ ಒಂದು ಮಾತು. ನಮ್ಮ ವಾಚಕರಲ್ಲಿ ಅಂಗಡಿ ಹೋಟೆಲುಗಳ ಯಜಮಾನರೂ ಸಂಘಗಳ ಪದಾಧಿಕಾರಿಗಳೂ ಇದ್ದಾರಲ್ಲ! ತಮ್ಮ ಫೋನಿನಲ್ಲಿ ಉತ್ತರವಿಲ್ಲದೆ ಕೂತ ಪ್ರಶ್ನೆ ತಮಗೆ ಚಿಕ್ಕದಿರಬಹುದು. ಅದನ್ನು ಕೇಳಿದ ಹುಡುಗಿಗೆ ಅದು ಈ ತಿಂಗಳ ಬಾಡಿಗೆ. ಹೌದೆನ್ನಿ, ಅಲ್ಲವೆನ್ನಿ, ಇಂದೇ ಅನ್ನಿ. ತಾಣ ತೆರೆದರೆ ಗಿರಾಕಿ ಬರುವುದು ತಮ್ಮ ಅಂಗಡಿಗೇ ಅಲ್ಲವೇ?