ಅರಗು ಹಾಕಿದ ಲಕೋಟೆ, ಯಾರ ಕೈಗೆ?

ಪುಣೆಯ ನಮ್ಮ ಕಚೇರಿಯಲ್ಲಿ ಕೆಲ ವರ್ಷಗಳ ಹಿಂದೆ ಒಂದು ರಾತ್ರಿ, ಗ್ರಾಹಕರ ಲೆಕ್ಕ ಹೊಂದಿಸುವ ಸ್ಕ್ರಿಪ್ಟ್ ನಿಂತುಹೋಯಿತು. ಡೇಟಾಬೇಸಿನ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಎರಡು ಗಂಟೆಯ ಹೊತ್ತಿಗೆ ನಾನೇ ಒಂದು ಸಾಲು ಬದಲಿಸಿ ಪರಿಶೀಲನೆಯನ್ನು ಕೈಬಿಟ್ಟೆ. ನಾಳೆ ಸರಿಮಾಡೋಣ ಎಂದುಕೊಂಡೆ. ಆ ನಾಳೆ ಬಂದದ್ದು ಹದಿನಾಲ್ಕು ತಿಂಗಳ ನಂತರ.

ಇದನ್ನು ಈಗ ಹೇಳಲು ಕಾರಣವಿದೆ. ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಸ್ಸನ್ನು 398 ದಿನಗಳಿಂದ ಇಳಿಸಲು ತೀರ್ಮಾನಿಸಿತು: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ಕಂಪನಿಗಳು ತಮ್ಮೊಳಗೇ ಕೊಟ್ಟುಕೊಳ್ಳುವ ಸರ್ಟಿಫಿಕೇಟ್‌ಗಳಿಗೆ ಇದು ಅನ್ವಯಿಸದು. ಉಳಿದವರಿಗೆ ನವೀಕರಣ ಕೈಯಿಂದ ಮಾಡುವ ಕೆಲಸವಾಗಿ ಉಳಿಯುವುದಿಲ್ಲ. ಯಂತ್ರಕ್ಕೆ ಒಪ್ಪಿಸದವರ ಮನೆಯಲ್ಲಿ ನನ್ನಂಥ ರಾತ್ರಿಗಳು ಹೆಚ್ಚುತ್ತವೆ.

ಅಂಥ ರಾತ್ರಿ ಆಗುವುದೇನು? ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ನೋಡಿ. ಸ್ಕ್ರಿಪ್ಟಿನಲ್ಲಿ 'ಎಸ್‌ಎಸ್‌ಎಲ್‌ಮೋಡ್' ಎಂಬ ಸೂಚನೆ ಕೊಡುತ್ತೇವೆ. ಏನೂ ಬರೆಯದಿದ್ದರೆ ಅದು 'ಪ್ರಿಫರ್': ಸರ್ವರ್ ಒಪ್ಪಿದರೆ ಎನ್‌ಕ್ರಿಪ್ಷನ್, ಇಲ್ಲದಿದ್ದರೆ ಬಯಲಲ್ಲೇ ಮಾತು. 'ರಿಕ್ವೈರ್' ಎಂದರೆ ಎನ್‌ಕ್ರಿಪ್ಷನ್ ಕಡ್ಡಾಯ. ಆದರೆ ಮೂಲ ಸರ್ಟಿಫಿಕೇಟ್ ಫೈಲ್ ಕೊಡದಿದ್ದರೆ, ಆ ತುದಿಯಲ್ಲಿ ಯಾರಿದ್ದಾರೆಂದು ಅದು ಕೇಳುವುದಿಲ್ಲ. ಲಕೋಟೆಗೆ ಅರಗು ಹಾಕಿ, ಬಾಗಿಲು ತೆರೆದವನ ಕೈಗೆ ಕೊಟ್ಟು ಬಂದಂತೆ. ಮೂಲ ಸರ್ಟಿಫಿಕೇಟ್ ಕೊಟ್ಟು 'ವೆರಿಫೈ-ಫುಲ್' ಎಂದಾಗಲೇ ಸಹಿ, ಸರ್ವರ್ ಹೆಸರು ಎರಡನ್ನೂ ನೋಡುತ್ತದೆ.

ವಿಚಿತ್ರವೆಂದರೆ ಶಿಕ್ಷೆ ಸರಿಯಾಗಿ ಮಾಡಿದವರಿಗೇ. ಅಮೆಜಾನ್‌ನ ಆರ್‌ಡಿಎಸ್ ಸೇವೆಯ 2019ರ ಮೂಲ ಸರ್ಟಿಫಿಕೇಟ್ 2024ರ ಆಗಸ್ಟ್‌ನಲ್ಲಿ ಮುಗಿಯುವುದಿತ್ತು. ಹೊಸ ಫೈಲನ್ನು ಪ್ರತಿ ಸ್ಕ್ರಿಪ್ಟಿಗೂ ತಲುಪಿಸುವ ತಲೆನೋವು ಪರಿಶೀಲಿಸುವವರದಾಯಿತು. ಪರಿಶೀಲಿಸದವರು ನೆಮ್ಮದಿಯಾಗಿ ಮಲಗಿದರು.

ಕಾನೂನು ಈ ನಿದ್ದೆ ಕೆಡಿಸುತ್ತದೆಯೇ? 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಎನ್‌ಕ್ರಿಪ್ಷನ್‌ನ ಹೆಸರೆತ್ತುತ್ತವೆ. ನನ್ನ ಭಯ ಅಲ್ಲೇ ಇದೆ. 'ಎನ್‌ಕ್ರಿಪ್ಷನ್ ಇದೆಯೇ?' ಎಂದು ಕೇಳಿದರೆ ನನ್ನ ಆ ಸ್ಕ್ರಿಪ್ಟ್ ಕೂಡ ಹೌದೆಂದೇ ಹೇಳುತ್ತಿತ್ತು. ಮೊದಲ ಆಡಿಟ್‌ನಲ್ಲಿ ಹೇಳಿಯೂ ಇತ್ತು, ಪಾಸಾದೆವು. ಮರುವರ್ಷ ಬಂದ ಆಡಿಟರ್ ಮಾತ್ರ, "ಆ ತುದಿಯಲ್ಲಿರುವುದು ನಿಮ್ಮ ಡೇಟಾಬೇಸೇ ಅಂತ ಹೇಗೆ ಗೊತ್ತು, ಸರ್?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.