ಮಕರ ಮತ್ತು ಮೊಸಳೆ

ಹೊಯ್ಸಳ ದೇವಾಲಯಗಳ ತಳಭಾಗದಲ್ಲಿ ಆನೆ, ಕುದುರೆ, ಹಂಸಗಳ ಸಾಲುಗಳೊಡನೆ ಮಕರಗಳ ಸಾಲೂ ಉಂಟು. ಮೊಸಳೆಯ ದವಡೆ, ಆನೆಯ ಸೊಂಡಿಲು ಎಂದು ಅವಯವಗಳನ್ನು ಗುರುತಿಸಿ, ಅದನ್ನು ಕೇವಲ ಅಲಂಕಾರವೆಂದು ಬದಿಗಿಡುವುದು ಶಿಲ್ಪವಿಮರ್ಶೆಯ ವಾಡಿಕೆ. ಇದು ಅರ್ಧ ಓದು.

ಕೆತ್ತನೆಯನ್ನು ಆಚರಣೆಯೊಡನೆ ಓದಬೇಕೆಂಬುದಕ್ಕೆ ದೂರದ ನಿದರ್ಶನವೊಂದಿದೆ. ಪಪುವಾ ನ್ಯೂಗಿನಿಯ ಸೆಪಿಕ್ ನದೀತೀರದ ಇಯಾಟ್ಮುಲ್ ಜನರು ದೋಣಿಯ ಮೂತಿಯಲ್ಲಿ ಮೊಸಳೆಯ ತಲೆಯನ್ನು ಕೆತ್ತುತ್ತಾರೆ. ದೀಕ್ಷೆ ಪಡೆಯುವ ತರುಣರ ಮೈಯಲ್ಲಿ ಮೊಸಳೆಯ ಚರ್ಮದಂತೆ ಗಾಯದ ಕಲೆಗಳನ್ನು ಮೂಡಿಸುತ್ತಾರೆ. ಮೊಸಳೆ ನುಂಗಿದ ಹುಡುಗ ಗಂಡಸಾಗಿ ಮರಳುತ್ತಾನೆಂಬುದು ಅದರ ಅರ್ಥ.

ಇಂಥ ಜೀವಂತ ನಂಬಿಕೆ ಕನ್ನಡದ ಗಡಿಯಲ್ಲಿಯೂ ಇದೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ಅನಂತಪುರ ಸರೋವರ ಕ್ಷೇತ್ರದಲ್ಲಿ ಬಬಿಯಾ ಎಂಬ ಮೊಸಳೆಗೆ ನೈವೇದ್ಯದ ಅನ್ನ ಸಲ್ಲುತ್ತಿತ್ತು. ಅದು 2022ರ ಅಕ್ಟೋಬರ್ 9ರಂದು ಸತ್ತಾಗ ಭಕ್ತರು ಅಂತಿಮ ದರ್ಶನ ಪಡೆದರು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು. ಅದು ಮೀನು ತಿನ್ನುತ್ತಿತ್ತೇ ಎಂಬುದು ಪ್ರಾಣಿಶಾಸ್ತ್ರದ ಪ್ರಶ್ನೆ. ಭಯವನ್ನು ಕೊಲ್ಲದೆ ಅದಕ್ಕೆ ಅನ್ನವಿಟ್ಟು ಕಾವಲಿಗಿರಿಸಿದ ಮನಸ್ಸು ಎಂಥದು ಎಂಬುದು ಸಂಸ್ಕೃತಿಯ ಪ್ರಶ್ನೆ. ದೇವರ ತಲೆಯ ಮೇಲಿನ ಮಕರತೋರಣವೂ ಇದೇ ಪ್ರಶ್ನೆಯನ್ನು ಕೇಳುತ್ತದೆ.

ಕನ್ನಡದ ಮೊಸಳೆ, ತೆಲುಗಿನ ಮೊಸಲಿ, ಮಲಯಾಳದ ಮುತಲ ಒಂದೇ ಮೂಲದ ಮಾತುಗಳು. ಹೈದರಾಬಾದಿನಂಥ ಬಹುಭಾಷಾ ನಗರದಲ್ಲಿ ಕನ್ನಡ ಕಲಿಯುವವರಿಗೆ ಈ ಬಾಂಧವ್ಯ ದಿನನಿತ್ಯದ ಅನುಭವ. ಶಾಸನ, ಶಿಲ್ಪಗಳ ಜೊತೆಗೆ ಕೆರೆಯ ದಡದ ನಂಬಿಕೆಯನ್ನೂ ಆಕರವೆಂದು ಒಪ್ಪುವ ಸಂಶೋಧನೆ ಇಲ್ಲಿಂದಲೇ ಮೊದಲಾಗುವುದು ಯುಕ್ತ. ಇಲ್ಲವಾದರೆ ಕಲ್ಲಿನ ಮಕರ ಮಾತ್ರ ಉಳಿದು, ಅದಕ್ಕೆ ಅರ್ಥ ಕೊಟ್ಟ ಜನಮನ ದಾಖಲಾಗದೆ ಮರೆಯಾದೀತು.